ಹ್ಯಾಂಡ್‌ಬಿಲ್‌ನ ಕೊನೇ ಸಾಲು

ಅಪ್ಪನ ಹಾರ್ಮೋನಿಯಂ ಇಡುವ ಮರದ ಡಬ್ಬದ ತಳದಲ್ಲಿ ಹಳೇ ಹ್ಯಾಂಡ್‌ಬಿಲ್‌ಗಳ ಕಟ್ಟೊಂದಿತ್ತು. ಅಪ್ಪ ಹೋದ ಮೇಲೆ, ತಿದಿ ಹರಿದಿದ್ದ ಹಾರ್ಮೋನಿಯಂ ರಿಪೇರಿಗೆ ಕೊಡೋಣ ಅಂತ ಹೊರಗೆ ತೆಗೆದಾಗ ಸಿಕ್ಕಿತು. ಗುಲಾಬಿ, ಹಳದಿ, ತಿಳಿ ಹಸಿರು ಕಾಗದ. ಗುಬ್ಬಿ, ಕುಣಿಗಲ್, ತುರುವೇಕೆರೆ, ನಾಗಮಂಗಲ ಕಡೆಯ ಹಳ್ಳಿಗಳು. ಊರು ಬೇರೆ, ತಾರೀಕು ಬೇರೆ, ನಾಟಕ ಮಾತ್ರ ಹೆಚ್ಚುಕಡಿಮೆ ಒಂದೇ. ಕುರುಕ್ಷೇತ್ರ.

ಅಪ್ಪ ಡ್ರಾಮಾ ಮೇಷ್ಟ್ರು. ವರ್ಷಕ್ಕೆ ನಾಲ್ಕೈದು ಊರುಗಳಲ್ಲಿ ನಾಟಕ ಕಲಿಸುತ್ತಿದ್ದರು. ಹಾಗಾಗಿ ಆ ಕಾಗದಗಳು ನನಗೆ ಹೊಸದೇನಲ್ಲ. ಆದರೆ ಅವತ್ತು ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಓದುತ್ತಾ ಹೋದೆ. ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ. ಮುಂದೆ ಹೆಸರು, ಅಪ್ಪನ ಹೆಸರು, ಕೆಲವರಿಗೆ ಮನೆತನದ ಅಡ್ಡಹೆಸರು. ದುರ್ಯೋಧನ, ಭೀಮ, ಕರ್ಣ, ಶಕುನಿ, ದ್ವಾರಪಾಲಕ. ದ್ವಾರಪಾಲಕನಿಗೂ ಹೆಸರಿದೆ. ಹಾರ್ಮೋನಿಯಂ, ತಬಲಾ, ಸೀನರಿ, ಮೈಕ್‌ಸೆಟ್ಟು, ಎಲ್ಲಕ್ಕೂ ಹೆಸರಿದೆ. ಕೊನೆಯಲ್ಲಿ ಒಂದು ಸಾಲು: ‘ಸ್ತ್ರೀ ಪಾತ್ರಗಳು: ತುಮಕೂರಿನ ಪ್ರಸಿದ್ಧ ಕಲಾವಿದೆಯರಿಂದ.’

ಪ್ರಸಿದ್ಧ ಅಂತೆ. ಹೆಸರಿಲ್ಲದ ಪ್ರಸಿದ್ಧಿ.

ನಮ್ಮ ಕಡೆಯ ಪೌರಾಣಿಕ ನಾಟಕ ನೋಡದವರಿಗೆ ಸ್ವಲ್ಪ ಹೇಳಬೇಕು. ಇದು ಕಂಪನಿ ನಾಟಕ ಅಲ್ಲ. ಊರಿನ ರೈತರು, ಮೇಷ್ಟ್ರುಗಳು, ಗಾರೆ ಕೆಲಸದವರು, ಹಾಲಿನ ಡೇರಿ ಸೆಕ್ರೆಟರಿ, ಎಲ್ಲ ಸೇರಿ ತಾವೇ ದುಡ್ಡು ಹಾಕಿ ಪಾರ್ಟು ಮಾಡುತ್ತಾರೆ. ದೊಡ್ಡ ಪಾರ್ಟಿಗೆ ಜಾಸ್ತಿ, ಸಣ್ಣ ಪಾರ್ಟಿಗೆ ಕಮ್ಮಿ. ಕೃಷ್ಣ ಎಲ್ಲರಿಗೂ ಬೇಕು, ಅದಕ್ಕೇ ಕೃಷ್ಣನನ್ನು ಎರಡು ಮೂರು ಭಾಗ ಮಾಡಿ ಹಂಚುತ್ತಾರೆ. ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಹೊತ್ತು ತಾಲೀಮು ಮಾಡಿಸುತ್ತಾರೆ. ಹಬ್ಬಕ್ಕೋ ಜಾತ್ರೆಗೋ ನಾಟಕ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಮುಗಿಯುವಾಗ ಹಾಲು ಕರೆಯುವ ಹೊತ್ತು. ನಡುವೆ ನೆಂಟರು ಸ್ಟೇಜಿಗೆ ಹತ್ತಿ ಭೀಮನಿಗೆ ಹಾರ, ಶಾಲು ಹಾಕುತ್ತಾರೆ. ಯುದ್ಧ ಅಷ್ಟೊತ್ತು ನಿಲ್ಲುತ್ತದೆ.

ಹೆಣ್ಣು ಪಾತ್ರಕ್ಕೆ ಮಾತ್ರ ಊರಿನ ಹೆಂಗಸರಿಲ್ಲ. ಅದಕ್ಕಾಗಿ ತುಮಕೂರು, ಮಂಡ್ಯ, ಬೆಂಗಳೂರಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ನಾಟಕದ ದಿನ ಸಂಜೆ ಏರ್‌ಬ್ಯಾಗ್ ಹಿಡಿದು ಬಸ್ಸಿಳಿಯುತ್ತಾರೆ. ತಾಲೀಮು ಇಲ್ಲ. ಎದುರು ನಿಲ್ಲುವ ಕೃಷ್ಣ ಯಾರು ಅಂತ ಗೊತ್ತಿಲ್ಲ. ಬಣ್ಣ ಹಚ್ಚಿಕೊಂಡು ಸ್ಟೇಜಿಗೆ ಹೋದರೆ ಮುಗಿಯಿತು, ಪೂರ್ತಿ ನಾಟಕ ಬಾಯಲ್ಲಿದೆ. ಒಬ್ಬಳೇ ಒಂದನೇ ಕೃಷ್ಣನಿಗೆ ರುಕ್ಮಿಣಿ, ಎರಡನೇ ಕೃಷ್ಣನಿಗೆ ದ್ರೌಪದಿ, ಬೆಳಗಿನ ಜಾವ ಅಭಿಮನ್ಯುವಿಗೆ ಉತ್ತರೆ ಆಗಿರುವುದೂ ಉಂಟು.

ನಾನು ಈ ಹೆಂಗಸರ ಮಡಿಲಲ್ಲಿ ನಿದ್ದೆ ಮಾಡಿ ಬೆಳೆದವಳು. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ನಾಟಕಕ್ಕೆ ಕರೆದುಕೊಂಡು ಹೋಗಿ ವಿಂಗಿನ, ಅಂದರೆ ಸ್ಟೇಜಿನ ಬದಿಯ ಮರೆಯ, ಪಕ್ಕ ಬಿಡುತ್ತಿದ್ದರು. ಕುಂತಿ ಪಾತ್ರದ ಅಮ್ಮ ತನ್ನ ಸೆರಗಿನಲ್ಲಿ ಸುತ್ತಿ ಮಲಗಿಸುತ್ತಿದ್ದರು. ಪೌಡರು, ಕೊಬ್ಬರಿ ಎಣ್ಣೆ, ಬೆವರು, ಇಷ್ಟೂ ಸೇರಿದ ವಾಸನೆ. ನನಗೆ ನಾಟಕ ಅಂದರೆ ಈಗಲೂ ಮೊದಲು ಅದೇ ವಾಸನೆ.

ಆಮೇಲೆ ನಾನು ಓದಿದೆ, ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಒಂದು ವರ್ಷ ಕಲಿತೆ, ರಂಗಸಂಗೀತವೇ ನನ್ನ ಕೆಲಸ ಅಂತ ಗೊತ್ತಾಯಿತು. ಬಿ. ವಿ. ಕಾರಂತರ ರಂಗಗೀತೆಗಳು ತಲೆ ಕೆಡಿಸಿದ್ದು ಅಲ್ಲೇ. ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು ಅವರು. ಆ ಕಂಪನಿ ಹುಟ್ಟಿದ್ದು 1884ರಲ್ಲಿ, ನಮ್ಮ ಮನೆಯಿಂದ ಬಸ್ಸಿಗೆ ಅರ್ಧ ಗಂಟೆ ದಾರಿಯ ಊರಲ್ಲಿ. ಆನೆ, ಕುದುರೆಗಳನ್ನು ತಂದು ಕುರುಕ್ಷೇತ್ರ ಆಡಿದ ಕಂಪನಿ. ಕಾರಂತರು ಆ ಕಂಪನಿ ಹಾಡಿನ ರುಚಿಯನ್ನು ಬಿಡಲಿಲ್ಲ, ಅದರ ಭಾರವನ್ನು ಮಾತ್ರ ಇಳಿಸಿದರು. ‘ಸತ್ತವರ ನೆರಳು’ ನಾಟಕದಲ್ಲಿ ದಾಸರ ಪದಗಳನ್ನೇ ಇಟ್ಟುಕೊಂಡು ಮಠದೊಳಗಿನ ಜಗಳದ ಕಥೆ ಹೇಳಿದ್ದು ನೋಡಿ, ಅರೆ, ಎಲ್ಲರಿಗೂ ಗೊತ್ತಿರುವ ಹಾಡಿನೊಳಗೇ ಯಾರೂ ಹೇಳದ ಮಾತು ಹೇಳಬಹುದಲ್ಲ ಅನ್ನಿಸಿತ್ತು.

ತಲೆ ಕೆಡಿಸಿದ ಇನ್ನೊಬ್ಬರು ಆರ್. ನಾಗರತ್ನಮ್ಮ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದವರು. ಬರೀ ಹೆಂಗಸರ ಮಂಡಳಿ. ಅವರೇ ಮೀಸೆ ಅಂಟಿಸಿಕೊಂಡು ಕಂಸ, ರಾವಣ, ದುರ್ಯೋಧನ ಆಗುತ್ತಿದ್ದರು. ಒಂದು ಕಾಲದಲ್ಲಿ ಗಂಡಸರು ಸೀರೆ ಉಟ್ಟು ದ್ರೌಪದಿ ಆಗುತ್ತಿದ್ದರು, ಅದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಇವರು ಗದೆ ಎತ್ತಿದಾಗ ಮಾತ್ರ ಅದು ಸುದ್ದಿಯಾಯಿತು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಅವರ ಫೋಟೋವೊಂದನ್ನು ನನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ.

ಹ್ಯಾಂಡ್‌ಬಿಲ್ ಸಿಕ್ಕ ರಾತ್ರಿಯೇ ತೀರ್ಮಾನ ಮಾಡಿದೆ. ಆ ಕೊನೇ ಸಾಲಿನ ಹೆಂಗಸರ ಮೇಲೆ ಒಂದು ಹಾಡಿನ ನಾಟಕ. ಒಂದೂಕಾಲು ಗಂಟೆ. ಹಾರ್ಮೋನಿಯಂ, ತಬಲಾ, ತಾಳ, ಅಷ್ಟೇ. ಹೆಸರು ‘ಸ್ತ್ರೀ ಪಾತ್ರವರ್ಗ’.

ಕುಂತಿ ಪಾತ್ರದ ಅಮ್ಮನನ್ನು ಹುಡುಕಿಕೊಂಡು ಹೋದೆ. ಅರವತ್ತು ದಾಟಿದೆ, ಇನ್ನೂ ನಾಟಕಕ್ಕೆ ಹೋಗುತ್ತಾರೆ. ನನ್ನನ್ನು ನೋಡಿ ‘ಮೇಷ್ಟ್ರ ಮಗಳಲ್ವಾ, ಬಾ ಒಳಗೆ’ ಅಂದರು. ಕಾಫಿ ಕೊಟ್ಟರು. ನಾನು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ನೋಟ್‌ಬುಕ್ ತೆಗೆದು, ‘ಅಮ್ಮಾ, ನೀವು ಪಟ್ಟ ಕಷ್ಟ ಹೇಳಿ’ ಅಂತ ಕೇಳಿದೆ.

ಅವರು ಕಾಫಿ ಲೋಟ ಕೆಳಗಿಟ್ಟರು. ‘ಕಷ್ಟ ಕೇಳೋಕೆ ಬಂದಿದೀಯಾ? ಟಿವಿಯವರೂ ಬಂದಿದ್ರು. ಅಳಿ ಅಂದ್ರು. ಅತ್ತೆ. ಹೋದ್ರು. ನೀನು ಮೇಷ್ಟ್ರ ಮಗಳು, ಹಾಡು ಕೇಳ್ತೀಯಾ ಅಂದ್ಕೊಂಡಿದ್ದೆ.’

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮನೆಯಲ್ಲಿ ನಾನು ಆಗಲೇ ಮೂರು ದೃಶ್ಯ ಬರೆದಿದ್ದೆ. ಬಾಡಿಗೆ ಮನೆ ಕೊಡದವರು, ಕುಡುಕ ಗಂಡ, ನಡುರಾತ್ರಿ ಕೆಟ್ಟದಾಗಿ ಮಾತಾಡುವ ಪ್ರೇಕ್ಷಕ. ಎಲ್ಲವೂ ನಿಜವೇ ಇರಬಹುದು. ಆದರೆ ಅವರನ್ನು ಕೇಳುವ ಮುಂಚೆಯೇ ಬರೆದಿದ್ದೆನಲ್ಲ! ಫೋನು ಆಫ್ ಮಾಡಿ ‘ಹಾಡೇ ಹೇಳ್ಕೊಡಿ’ ಅಂದೆ.

ಅಲ್ಲಿಂದ ಆರು ತಿಂಗಳು ಪ್ರತಿ ಬುಧವಾರ ಮಧ್ಯಾಹ್ನ ಹೋದೆ. ಆಮೇಲೆ ದ್ರೌಪದಿ ಮಾಡುವ ಅಕ್ಕನೂ ಬರತೊಡಗಿದರು. ಅವರಿಗೆ ನಲವತ್ತೈದರ ಆಸುಪಾಸು. ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ‘ಏನ್ ಕುಂತಮ್ಮ’, ‘ಏನೇ ದ್ರೌಪದಿ’.

ನನಗೆ ಸಂಗೀತ ಗೊತ್ತು ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಉದಾಹರಣೆಗೆ ಶ್ರುತಿ, ಅಂದರೆ ಹಾಡುವವರು ಷಡ್ಜ (‘ಸ’) ಅಂತ ಹಿಡಿಯುವ ಸ್ವರ. ಹಾರ್ಮೋನಿಯಂನ ಕಪ್ಪು, ಬಿಳಿ ಕೀಗಳ ಲೆಕ್ಕದಲ್ಲಿ ಅದನ್ನು ಹೇಳುತ್ತಾರೆ. ಊರಿನ ಕೃಷ್ಣರಲ್ಲಿ ಒಬ್ಬನದು ಕಪ್ಪು ಒಂದು, ತಗ್ಗಿನ ಶ್ರುತಿ. ಇನ್ನೊಬ್ಬನದು ಬಿಳಿ ನಾಲ್ಕು, ಕಂಠ ಕಿತ್ತುಹೋಗುವ ಹಾಗೆ ಏರಿಸಿ ಹಾಡಿದರೇ ಹಾಡು ಅಂತ ಅವನ ನಂಬಿಕೆ. ಮೇಷ್ಟ್ರು ಅವರವರ ಶ್ರುತಿಗೆ ಹಾರ್ಮೋನಿಯಂ ಬಾರಿಸುತ್ತಾರೆ, ಯಾಕೆಂದರೆ ದುಡ್ಡು ಹಾಕಿದವನು ಅವನು. ಜೊತೆಗೆ ಹಾಡುವ ಹೆಣ್ಣಿಗೆ ಶ್ರುತಿ ಕೇಳುವವರಿಲ್ಲ. ಅವನದು ಯಾವುದೋ ಅದೇ ಅವಳದು. ಕಪ್ಪು ಒಂದಕ್ಕೆ ಕೆಳಗಿನ ಸ್ಥಾಯಿಯಲ್ಲಿ ಅವಳ ದನಿ ನೆಲಕ್ಕೆ ಹತ್ತುತ್ತದೆ, ಮೇಲಿನ ಸ್ಥಾಯಿಯಲ್ಲಿ ಕೀರಲಾಗುತ್ತದೆ.

‘ಏನ್ ಮಾಡ್ತೀರಿ ಅಕ್ಕಾ ಆಗ?’ ಅಂದೆ.

‘ಪಂಚಮಕ್ಕೆ ಹೋಗಿ ಕೂತ್ಕೊತೀನಿ’ ಅಂದರು ದ್ರೌಪದಿ ಅಕ್ಕ. ಪಂಚಮ ಅಂದರೆ ‘ಪ’, ಷಡ್ಜದಿಂದ ಐದನೇ ಸ್ವರ. ‘ಅವನು ಷಡ್ಜದಲ್ಲಿ ಎಷ್ಟು ಬೇಕೋ ಕೂಗ್ಲಿ. ನಾನು ಪಂಚಮ ಹಿಡ್ಕೊಂಡು ಅಲ್ಲೇ ಸುತ್ತಾಡ್ತೀನಿ. ಜನ ಏನೋ ಸಂಗತಿ ಹಾಕಿದ್ಲು ಅಂತ ಚಪ್ಪಾಳೆ ಹೊಡೀತಾರೆ.’

ಇದನ್ನು ಅವರು ಟೊಮೇಟೊ ಹೆಚ್ಚುತ್ತಾ ಹೇಳಿದರು. ನಾನು ಅವತ್ತು ರಾತ್ರಿ ಮನೆಗೆ ಬಂದು ಬರೆದಿದ್ದ ಮೂರೂ ದೃಶ್ಯ ತೆಗೆದುಹಾಕಿದೆ. ನಾಟಕದ ಬೆನ್ನುಮೂಳೆ ಸಿಕ್ಕಿತ್ತು. ಒಂದೇ ಹಾಡು, ಒಂದೇ ಹೆಂಗಸು, ಮೂರು ಗಂಡಸರ ಮೂರು ಶ್ರುತಿ. ಹಾರ್ಮೋನಿಯಂ ಜಾಗ ಬದಲಿಸುತ್ತಾ ಹೋಗುತ್ತದೆ, ಅವಳು ಪ್ರತಿ ಸಲವೂ ನಿಲ್ಲೋಕೆ ಒಂದು ಮೆಟ್ಟಿಲು ಹುಡುಕಿಕೊಳ್ಳುತ್ತಾಳೆ. ಸಿಂಧುಭೈರವಿ ರಾಗದಲ್ಲಿ ಕೂರಿಸಿದೆ. ಪಲ್ಲವಿ ಹೀಗೆ:

ಮೂರು ಕೃಷ್ಣರಿಗೆ ಹಾಡಿದೆನೊ ಒಂದೇ ರಾತ್ರಿ
ಬಸ್ಸಿನ ಹೊತ್ತಿಗೆ ಒಬ್ಬನೂ ಕಾಣಲಿಲ್ಲ

ಕುಂತಮ್ಮನಿಗೆ ಇದು ಇಷ್ಟವಾಗಲಿಲ್ಲ. ‘ಪದದಲ್ಲಿ ಬಸ್ಸು ಅಂತ ಬರುತ್ತೇನೇ? ರಥ ಅನ್ನು.’ ದ್ರೌಪದಿ ಅಕ್ಕ ಬಿಡಲಿಲ್ಲ. ‘ರಥದಲ್ಲಿ ಯಾವತ್ತು ಬಂದಿದೀಯಾ ನೀನು? ಬಸ್ಸೇ ಇರ್ಲಿ.’ ಬಸ್ಸೇ ಉಳಿಯಿತು.

ನಾಲ್ಕನೇ ತಿಂಗಳಲ್ಲಿ ಇರಬೇಕು, ಕುಂತಮ್ಮ ಒಂದು ಮಾತು ಕೇಳಿದರು. ‘ನಾನು ದುರ್ಯೋಧನ ಮಾಡ್ಲಾ?’

ನಾನು ತಮಾಷೆ ಅಂದುಕೊಂಡೆ. ಅವರು ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಭಾ ದೃಶ್ಯದ ಪದ್ಯ ಶುರು ಮಾಡಿದರು. ನನಗೆ ಮೈ ಜುಂ ಅಂದಿತು. ಒಂದಕ್ಷರ ತಪ್ಪಿಲ್ಲ. ಎಲ್ಲಿ ಉಸಿರು, ಎಲ್ಲಿ ಗದೆ ನೆಲಕ್ಕೆ ಕುಟ್ಟಬೇಕು, ಎಲ್ಲಾ ಇತ್ತು. ಯಾರು ಕಲಿಸಿದರು ಅಂದರೆ, ‘ಕಲಿಸೋದೇನು ಬಂತು. ಮೂವತ್ತೈದು ವರ್ಷದಿಂದ ವಿಂಗಲ್ಲಿ ನಿಂತು ಎಷ್ಟು ದುರ್ಯೋಧನರಿಗೆ ಎತ್ತಿಕೊಟ್ಟಿದೀನಿ.’

ಎತ್ತಿಕೊಡುವುದು ಅಂದರೆ ಮರೆತ ಸಾಲನ್ನು ಮೆಲ್ಲಗೆ ನೆನಪಿಸುವುದು. ಊರಿನ ವೀರರು ಕತ್ತಿ ಹಿಡಿದು ಸ್ಟೇಜಿಗೆ ಬಂದು, ಎದುರಿಗೆ ಎರಡು ಸಾವಿರ ಜನರನ್ನು ನೋಡಿ, ಪೂರ್ತಿ ಮರೆತುಬಿಡುತ್ತಾರೆ. ಮೇಷ್ಟ್ರ ಕಡೆಯಿಂದ ಸನ್ನೆ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಪಕ್ಕದಲ್ಲಿ ನಿಂತ ಈ ಹೆಂಗಸರು ತುಟಿ ಅಲ್ಲಾಡಿಸದೆ ಸಾಲು ಕೊಡುತ್ತಾರೆ. ಅಪ್ಪನೂ ಇದನ್ನು ನಮಗೆ ಹೇಳಿರಲಿಲ್ಲ. ಅವರ ಮರ್ಯಾದೆಯೂ ಅದರಿಂದಲೇ ಉಳಿದಿರಬೇಕು.

ನಾಗರತ್ನಮ್ಮನವರ ಫೋಟೋ ತೆಗೆದು ತೋರಿಸಿದೆ. ಕುಂತಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಮೀಸೆ ಚೆನ್ನಾಗಿ ಅಂಟಿದೆ’ ಅಂದರು, ಅಷ್ಟೇ. ಮುಂದಿನ ಬುಧವಾರ ತಾವೇ ಒಂದು ಮೀಸೆ ತಂದಿದ್ದರು.

ಎಲ್ಲವೂ ಹೀಗೇ ನಗುನಗುತ್ತಾ ನಡೆಯಿತು ಅಂತೇನಿಲ್ಲ. ನಾಟಕದ ಕೊನೆಗೆ ನನ್ನದೊಂದು ಯೋಜನೆ ಇತ್ತು. ಹ್ಯಾಂಡ್‌ಬಿಲ್‌ಗಳನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಬೇಕು, ಆ ಖಾಲಿ ಸಾಲಿನಲ್ಲಿ ಒಬ್ಬೊಬ್ಬರ ಹೆಸರು ಮೂಡಬೇಕು. ನಿಜವಾದ ಹೆಸರು, ಊರು. ಬರೆದಾಗ ನನಗೇ ಕಣ್ಣು ತುಂಬಿತ್ತು. ದ್ರೌಪದಿ ಅಕ್ಕನಿಗೆ ಓದಿ ಹೇಳಿದೆ. ಅವರು ಮಾತಾಡಲಿಲ್ಲ. ಬ್ಯಾಗ್ ತೆಗೆದುಕೊಂಡು ಹೊರಟುಹೋದರು. ಎರಡು ವಾರ ಫೋನ್ ಎತ್ತಲಿಲ್ಲ.

ಕುಂತಮ್ಮನೇ ಹೇಳಿದ್ದು. ಅಕ್ಕನ ಮಗಳನ್ನು ಕೊಟ್ಟ ಮನೆಯಲ್ಲಿ ಇವರು ನಾಟಕ ಮಾಡುವುದು ಗೊತ್ತಿಲ್ಲ. ರಾತ್ರಿ ಕೆಲಸಕ್ಕೆ ಗಾರ್ಮೆಂಟ್ಸ್ ಅಂತ ಹೇಳಿದ್ದಾರೆ. ಹ್ಯಾಂಡ್‌ಬಿಲ್‌ನಲ್ಲಿ ಹೆಸರು ಹಾಕಬೇಡಿ ಅಂತ ಊರವರಿಗೆ ಎಷ್ಟೋ ಸಲ ಇವರೇ ಹೇಳಿದ್ದುಂಟಂತೆ.

ನಾನು ಆ ಕಟ್ಟನ್ನು ಮತ್ತೆ ತೆಗೆದು ನೋಡಿದೆ. ಇದರಲ್ಲಿ ಎಷ್ಟು ಸಾಲು ಊರವರು ಬಿಟ್ಟಿದ್ದು, ಎಷ್ಟು ಸಾಲು ಇವರೇ ಬಿಡಿಸಿದ್ದು? ಕಾಗದ ನೋಡಿದರೆ ಗೊತ್ತಾಗುವುದಿಲ್ಲ. ನಾನು ಒಂದೇ ಥರ ಓದಿ ಸಿಟ್ಟು ಮಾಡಿಕೊಂಡಿದ್ದೆ.

ಅಕ್ಕನ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಆ ದೃಶ್ಯ ತೆಗೆದೆ ಅಂದೆ. ‘ಪೂರ್ತಿ ಯಾಕೆ ತೆಗೀತೀಯಾ?’ ಅಂದರು. ‘ಅವಳದು ಹಾಕು, ಅವಳಿಗೆ ಆಸೆ ಇದೆ. ನಂದು ಹಾಗೇ ಬಿಡು. ನಾನು ಪರದೆ ಹಿಂದಿಂದ ಹಾಡ್ತೀನಿ. ಮುಖ ಯಾಕೆ ಬೇಕು, ಗಂಟಲಿದೆಯಲ್ಲ.’ ಅವರ ಮಾತಿಗೇ ಇಲ್ಲೂ ಯಾರ ಹೆಸರೂ ಬರೆದಿಲ್ಲ.

ಪ್ರದರ್ಶನಕ್ಕೆ ಹಾಲ್ ಹುಡುಕಿದ್ದು ಬೇರೆಯೇ ರಾಮಾಯಣ. ಒಂದು ಕಡೆ ತಾರೀಕು ಕೊಟ್ಟು ಹಿಂದಿನ ದಿನ ಯಾವುದೋ ಸನ್ಮಾನ ಸಮಾರಂಭಕ್ಕೆ ಅಂತ ಕಿತ್ತುಕೊಂಡರು. ಅಡ್ವಾನ್ಸ್ ವಾಪಸ್ ಬರೋಕೆ ಎರಡು ತಿಂಗಳು. ಕೊನೆಗೆ ಒಂದು ಸಣ್ಣ ಹಾಲ್ ಸಿಕ್ಕಿತು. ಕುರ್ಚಿ ನೂರಿಪ್ಪತ್ತು.

ಅವತ್ತು ನನ್ನ ಕೈ ನಡುಗುತ್ತಿತ್ತು. ರಿಪೇರಿ ಮಾಡಿಸಿದ ಹಾರ್ಮೋನಿಯಂನಲ್ಲಿ ಒಂದು ಕೀ ಒತ್ತಿದರೆ ಮೇಲೇಳುತ್ತಿರಲಿಲ್ಲ, ಬಿಳಿ ನಾಲ್ಕೇ. ಬೆರಳಿನ ತುದಿಯಲ್ಲಿ ಎತ್ತಿ ಎತ್ತಿ ಬಾರಿಸಿದೆ. ಮೂರು ಕೃಷ್ಣರ ಹಾಡಿನಲ್ಲಿ ಎರಡನೇ ಶ್ರುತಿಗೆ ಜಾರುವಾಗ ಆ ಕೀ ಪೂರ್ತಿ ಕೂತುಬಿಟ್ಟಿತು. ಬೇಡದ ಸ್ವರವೊಂದು ಕುಂಯ್ ಅಂತ ನಿಂತೇ ಇದೆ. ನನಗೆ ಕತ್ತಲು ಬಂದ ಹಾಗಾಯಿತು. ಪರದೆ ಹಿಂದೆ ಅಕ್ಕ ಒಂದು ಕ್ಷಣ ಸುಮ್ಮನಾದರು. ಆಮೇಲೆ ಆ ಸಿಕ್ಕಿಹಾಕಿಕೊಂಡ ಸ್ವರವನ್ನೇ ಷಡ್ಜ ಮಾಡಿಕೊಂಡು ಉಳಿದ ಹಾಡನ್ನು ಅಲ್ಲಿಂದಲೇ ಎತ್ತಿದರು. ತಬಲಾದವನು ಬಾಯಿ ತೆರೆದು ನನ್ನ ಕಡೆ ನೋಡಿದ. ನಾನು ಎಡಗೈಯಲ್ಲಿ ತಿದಿ ಮಾತ್ರ ಒತ್ತುತ್ತಾ ಕೂತೆ. ಮುಗಿದಾಗ ಯಾರೋ ಹಿಂದಿನ ಸಾಲಿನಿಂದ ‘ವನ್ಸ್ ಮೋರ್’ ಅಂದರು. ಇನ್ನೊಂದು ಸಲ ಅದು ಬರುವ ಹಾಗಿರಲಿಲ್ಲ ಅಂತ ಅವರಿಗೇನು ಗೊತ್ತು.

ಕುಂತಮ್ಮನ ದುರ್ಯೋಧನನಿಗೆ ಬಿದ್ದ ಸಿಳ್ಳೆಯ ಬಗ್ಗೆ ನಾನು ಬರೆಯುವುದಕ್ಕಿಂತ ಅವರ ಬಾಯಲ್ಲೇ ಕೇಳಬೇಕು. ಪ್ರತಿ ಸಲ ಹೇಳುವಾಗಲೂ ಒಂದೆರಡು ಸಿಳ್ಳೆ ಜಾಸ್ತಿ ಆಗುತ್ತದೆ. ಕೊನೆಯಲ್ಲಿ ಪರದೆ ಮೇಲೆ ಅವರ ಹೆಸರು ಬಂತು. ಅದರ ಕೆಳಗೆ ಒಂದು ಸಾಲು ಖಾಲಿ. ನಾಟಕ ನೋಡಿದ ಗೆಳೆಯನೊಬ್ಬ ‘ಅದು ಟೈಪಿಂಗ್ ಮಿಸ್ಟೇಕಾ?’ ಅಂತ ಕೇಳಿದ. ಅಲ್ಲ ಅಂದೆ.

ಹದಿನೇಳು ಪ್ರದರ್ಶನ ಆಗಿದೆ. ಖರ್ಚು ಕಳೆದು ಉಳಿದಿದ್ದನ್ನು ಮೂವರೂ ಸಮ ಹಂಚಿಕೊಳ್ಳುತ್ತೇವೆ. ದೊಡ್ಡ ಮೊತ್ತವೇನಲ್ಲ. ಹಳ್ಳಿ ನಾಟಕದ ಒಂದು ರಾತ್ರಿಯ ಪೇಮೆಂಟಿಗೆ ನಮ್ಮದು ಸಮ ಬರುವುದೇ ಕಷ್ಟ. ಸೀಸನ್ ಶುರುವಾದರೆ ಇಬ್ಬರೂ ನಮ್ಮ ತಾರೀಕು ಮುಂದಕ್ಕೆ ಹಾಕಿಸುತ್ತಾರೆ. ನಾನು ಬೇಜಾರು ಮಾಡಿಕೊಳ್ಳುವುದು ಬಿಟ್ಟಿದ್ದೇನೆ.

ಹೋದ ಸುಗ್ಗಿಯಲ್ಲಿ ಕುಣಿಗಲ್ ಕಡೆಯ ಒಂದು ಊರಿನ ಮೇಷ್ಟ್ರಿಗೆ ಜ್ವರ ಬಂತು. ಕುಂತಮ್ಮ ನನಗೆ ಫೋನ್ ಮಾಡಿ ‘ಅಪ್ಪನ ಪೆಟ್ಟಿಗೆ ತಗೊಂಡು ಬಾ’ ಅಂದರು. ಪೂರ್ತಿ ಕುರುಕ್ಷೇತ್ರಕ್ಕೆ ನಾನು ಹಾರ್ಮೋನಿಯಂ ಹಿಡಿದಿದ್ದು ಅದೇ ಮೊದಲು. ಸ್ಟೇಜಿನ ಮುಂದೆ, ಕೆಳಗೆ, ಅಪ್ಪ ಕೂರುತ್ತಿದ್ದ ಜಾಗ. ಊರವರಿಗೆ ಹೆಣ್ಣು ಮೇಷ್ಟ್ರು ಅಂತ ಒಂದಿಷ್ಟು ಅನುಮಾನವಿತ್ತು. ನಾಂದಿ ಮುಗಿಯುವಷ್ಟರಲ್ಲಿ ಟೀ ಕಳಿಸಿದರು.

ರಾತ್ರಿ ಮೂರು ಗಂಟೆ ಇರಬಹುದು. ದುರ್ಯೋಧನ ಬಂದ. ಎತ್ತರದ ಆಳು, ಕಿರೀಟಕ್ಕೆ ಬಲ್ಬು ಮಿನುಗುತ್ತಿತ್ತು. ಪದ್ಯದ ಮೊದಲ ಸಾಲು ಜೋರಾಗಿ ಹೇಳಿದ. ಎರಡನೆಯದು ಇಲ್ಲ. ನಾನು ರಾಗ ಸುತ್ತಿಸಿದೆ. ಮತ್ತೆ ಸುತ್ತಿಸಿದೆ. ಅವನ ಕಣ್ಣು ನನ್ನ ಮೇಲೆ. ನನ್ನ ಬಾಯಿಗೂ ಸಾಲು ಬರುತ್ತಿಲ್ಲ. ಆಗ ಎಡಗಡೆಯ ವಿಂಗಿನಲ್ಲಿ, ಬಿಳಿ ಸೀರೆಯಲ್ಲಿ, ಕೈಯಲ್ಲಿ ಟೀ ಲೋಟ ಹಿಡಿದ ಕುಂತಮ್ಮ ಕಂಡರು. ತುಟಿ ಅಲ್ಲಾಡಿತೋ ಇಲ್ಲವೋ. ದುರ್ಯೋಧನನ ಎದೆ ಉಬ್ಬಿತು. ಸಾಲು ಸಿಕ್ಕಿತ್ತು. ಗದೆ ಕುಟ್ಟಿ ಪೂರ್ತಿ ಪದ್ಯ ಹಾಡಿದ. ಅವನ ಭಾವಮೈದ ಸ್ಟೇಜಿಗೆ ಹತ್ತಿ ಹಾರ ಹಾಕಿದ.

ನಾನು ವಿಂಗಿನ ಕಡೆ ನೋಡಿದೆ. ಕುಂತಮ್ಮ ನನ್ನ ಕಡೆಗೆ ಕೈ ಮಾಡಿ, ಬೆರಳು ಕೆಳಗೆ ತೋರಿಸುತ್ತಿದ್ದರು. ಶ್ರುತಿ ಇಳಿಸು ಅಂತ. ಮುಂದಿನ ದೃಶ್ಯ ಕರ್ಣ ಮತ್ತು ಕುಂತಿಯದು. ಕರ್ಣನದು ಕಪ್ಪು ಒಂದು.